ಓದಿ ಹೇಳುವ ಗಣಕಯಂತ್ರ

ಕಲಬುರಗಿ ನಗರದಲ್ಲಿ ಐವಾನ್-ಎ-ಶಾಹಿ ಎಂಬ ಹೆಸರನ್ನು ಕೇಳದವರು ವಿರಳ. ನಿಜಾಮರು ಈ ಊರಿಗೆ ಬಂದಾಗ ತಂಗುವುದಕ್ಕೆಂದು ಕಟ್ಟಿಸಿದ ಅತಿಥಿಗೃಹದ ಹೆಸರು ಅದು. ಕಾಲಕ್ರಮದಲ್ಲಿ ಸುತ್ತಣ ಪ್ರದೇಶಕ್ಕೂ ಅದೇ ಹೆಸರು ನಿಂತಿತು. ಮಾತು ಪಾರಸಿಯದು, ಬರೆದಿರುವ ಲಿಪಿ ಕನ್ನಡದ್ದು. ಕಣ್ಣುಳ್ಳವರಿಗೆ ಇದನ್ನು ಓದಲು ಒಂದು ಕ್ಷಣವೂ ಹಿಡಿಯದು.

ಇದೇ ನಗರದಲ್ಲಿ ಅಂಧ ಮಕ್ಕಳಿಗಾಗಿ ಸರ್ಕಾರವು ನಡೆಸುವ ಶಾಲೆಯೊಂದಿದೆ. ಅಂಥ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ವಿದ್ಯಾರ್ಥಿನಿಯೊಬ್ಬಳು ಗಣಕಯಂತ್ರದ ಮುಂದೆ ಕುಳಿತಿರುವಳೆಂದು ಭಾವಿಸೋಣ. ತೆರೆಯ ಮೇಲೆ ಊರಿನ ಚರಿತ್ರೆಯನ್ನು ಕುರಿತ ಲೇಖನವೊಂದಿದೆ. ಅದರ ನಡುವೆ ಐವಾನ್-ಎ-ಶಾಹಿ ಎಂಬ ಹೆಸರೂ ಇದೆ. ತೆರೆಯನ್ನು ಕಾಣಲಾರದ ಆಕೆ ಅದನ್ನು ಓದುವುದು ಹೇಗೆ?

ಪಕ್ಕದಲ್ಲಿ ಕುಳಿತ ಗೆಳತಿ ಓದಿ ಹೇಳಬಹುದು. ಆದರೆ ಗೆಳತಿಗೆ ಬಿಡುವಿರುವಾಗ ಮಾತ್ರ ಓದು, ಅವಳಿಗೆ ಬೇಸರವಾದೊಡನೆ ಓದು ಮುಗಿಯಿತು ಎಂದಾಗುವುದು. ತನಗೆ ಬಂದ ಕಾಗದವನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕು, ತನ್ನ ಉತ್ತರವನ್ನು ಇನ್ನೊಬ್ಬರ ಕೈಯಿಂದಲೇ ಬರೆಸಬೇಕು ಎಂಬ ಸ್ಥಿತಿ ಯಾರಿಗೆ ತಾನೆ ಹಿತವೆನಿಸೀತು? 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 50 ಲಕ್ಷ ಮಂದಿ ದೃಷ್ಟಿಯ ಕೊರತೆಯುಳ್ಳವರು. ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು 2 ಲಕ್ಷ 64 ಸಾವಿರ. ಇವರೆಲ್ಲರಿಗೂ ತಾವೇ ಓದುವ, ತಾವೇ ಬರೆಯುವ ಸ್ವಾತಂತ್ರ್ಯವು ದೊರೆಯುವುದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಮೊದಲ ದೊಡ್ಡ ಉತ್ತರವನ್ನು ಕೊಟ್ಟವನು ಫ್ರಾನ್ಸಿನ ಲೂಯಿ ಬ್ರೈಲ್. 1824ರಲ್ಲಿ, ಹದಿನೈದರ ಹರೆಯದಲ್ಲಿ, ಆರು ಚುಕ್ಕೆಗಳ ತನ್ನ ಲಿಪಿಗೆ ಆತನು ರೂಪ ಕೊಟ್ಟನು. ಆರು ಚುಕ್ಕೆಗಳಲ್ಲಿ ಕೆಲವನ್ನು ಎಬ್ಬಿಸಿ ಕೆಲವನ್ನು ಬಿಟ್ಟರೆ 63 ಬಗೆಯ ಗುರುತುಗಳಾಗುವುವು. ಭಾರತದ ಭಾಷೆಗಳಿಗೆಲ್ಲ ಹೊಂದುವ ‘ಭಾರತಿ ಬ್ರೈಲ್’ 1951ರಲ್ಲಿ ಬಂದಿತು. ಕನ್ನಡದ ಬ್ರೈಲ್ ಪುಸ್ತಕಗಳನ್ನು ಅಚ್ಚುಮಾಡಲು ಮೈಸೂರಿನಲ್ಲಿ ಸರ್ಕಾರಿ ಮುದ್ರಣಾಲಯವಿದೆ. ಆದರೆ ಬ್ರೈಲ್ ಪುಸ್ತಕಕ್ಕೆ ದಪ್ಪ ಕಾಗದ ಬೇಕು, ಹೆಚ್ಚು ಜಾಗ ಬೇಕು. ಸಣ್ಣ ಪಠ್ಯಪುಸ್ತಕವೂ ಹಲವು ಸಂಪುಟಗಳಾಗುವುದುಂಟು. ಪ್ರತಿದಿನ ಹೊಸದಾಗಿ ಬರುವ ಪತ್ರಿಕೆ, ಪತ್ರ, ಪ್ರಕಟಣೆಗಳನ್ನೆಲ್ಲ ಬ್ರೈಲಿನಲ್ಲಿ ಅಚ್ಚುಮಾಡುವುದಂತೂ ಆಗದ ಮಾತು.

ಎರಡನೆಯ ಉತ್ತರವು ಗಣಕಯಂತ್ರದಿಂದ ಬಂದಿದೆ. ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಕೆಯಲ್ಲಿ ‘ಸ್ಕ್ರೀನ್ ರೀಡರ್’ ಎನ್ನುವರು; ನಾವು ಅದನ್ನು ‘ತೆರೆ ಓದುಗ’ ಎಂದು ಕರೆಯೋಣ. ಯಾರು ಬೇಕಾದರೂ ಹಣ ಕೊಡದೆ ಪಡೆದು, ಒಳಗನ್ನು ಬಿಚ್ಚಿ ನೋಡಿ, ತಿದ್ದಿ ಬಳಸಬಹುದಾದ ಲಿನಕ್ಸ್ ವ್ಯವಸ್ಥೆಯಲ್ಲಿ ಈ ಓದುಗನು ಹೇಗೆ ಕೆಲಸಮಾಡುವನೆಂಬುದನ್ನು ಮೇಲಿನ ಒಂದೇ ಹೆಸರಿನ ಜಾಡು ಹಿಡಿದು ನೋಡೋಣ.

ತೆರೆಯ ಮೇಲಿರುವುದು ಅಕ್ಷರವಲ್ಲ

ತೆರೆಯ ಮೇಲೆ ನಮಗೆ ಕಾಣುವುದು ಅಕ್ಷರಗಳು, ಗುಂಡಿಗಳು, ಕಿಟಕಿಗಳು. ಆದರೆ ತೆರೆಗೆ ಅವಾವುವೂ ತಿಳಿಯವು. ಅದಕ್ಕೆ ತಿಳಿದಿರುವುದು ಬಣ್ಣದ ಚುಕ್ಕೆಗಳು ಮಾತ್ರ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಸಾಮಾನ್ಯ ತೆರೆಯಲ್ಲಿ ಒಟ್ಟು 20,73,600 ಚುಕ್ಕೆಗಳಾದುವು. ರಂಗವಲ್ಲಿಯ ಎಳೆಗಳನ್ನು ನಮ್ಮ ಕಣ್ಣು ಹೂವೆಂದು, ಬಳ್ಳಿಯೆಂದು ಗುರುತಿಸುವಂತೆ ಈ ಚುಕ್ಕೆಗಳ ಗುಂಪನ್ನು ‘ಐ’ ಎಂದು, ‘ವಾ’ ಎಂದು ಗುರುತಿಸುವುದೂ ನಮ್ಮ ಕಣ್ಣೇ. ಚುಕ್ಕೆಗಳನ್ನಷ್ಟೇ ನೋಡಿ ಓದಬೇಕಾದರೆ ಯಂತ್ರಕ್ಕೂ ಬಹಳ ಕಷ್ಟ.

ಹಿಂದೆ ಹೀಗಿರಲಿಲ್ಲ. ಮೊದಮೊದಲ ತೆರೆಗಳಲ್ಲಿ ಚಿತ್ರಗಳಿಗೆ ಎಡೆಯಿರಲಿಲ್ಲ. ಒಂದು ಸಾಲಿಗೆ 80ರಂತೆ 25 ಸಾಲು, ಒಟ್ಟು 2000 ಮನೆಗಳು, ಮನೆಗೊಂದು ಅಕ್ಷರ. ಯಾವ ಮನೆಯಲ್ಲಿ ಯಾವ ಅಕ್ಷರವಿದೆಯೆಂಬ ಪಟ್ಟಿಯು ಯಂತ್ರದ ನೆನಪಿನಲ್ಲಿಯೇ ಇರುತ್ತಿದ್ದುದರಿಂದ ಅದನ್ನು ಓದಿ ಹೇಳುವುದು ಸುಲಭವಾಗಿತ್ತು. ಲಿನಕ್ಸಿನಲ್ಲಿ ಅಂಧರಿಗಾಗಿ ನಡೆದ ಮೊದಲ ಕೆಲಸಗಳೆಲ್ಲ ಈ ಬಗೆಯ ತೆರೆಗೆ ಸಂಬಂಧಿಸಿದುವು. 1995ರಲ್ಲಿ ನಿಖಿಲ್ ನಾಯರ್ ಮತ್ತು ಅವರ ಸಂಗಡಿಗರು ಪ್ರಾರಂಭಿಸಿದ ‘ಬಿ.ಆರ್.ಎಲ್.ಟಿ.ಟಿ.ವೈ.’ ಎಂಬ ತಂತ್ರಾಂಶವು ತೆರೆಯ ಅಕ್ಷರಗಳನ್ನು, ಚುಕ್ಕೆಗಳು ತಾವಾಗಿಯೇ ಏಳುತ್ತ ಇಳಿಯುತ್ತ ಇರುವ ಬ್ರೈಲ್ ಪಟ್ಟಿಕೆಯ ಮೇಲೆ ಮೂಡಿಸಿತು. ಅದೇ ವರ್ಷ ಟಿ. ವಿ. ರಾಮನ್ ಅವರು ‘ಈಮ್ಯಾಕ್‌ಸ್ಪೀಕ್’ ಎಂಬ ಮಾತನಾಡುವ ವ್ಯವಸ್ಥೆಯನ್ನು ಹೊರತಂದರು. ಪುಣೆಯಲ್ಲಿ ಹುಟ್ಟಿದ ರಾಮನ್ ಅವರು ಹದಿನಾಲ್ಕರ ವಯಸ್ಸಿನಲ್ಲಿ ಗ್ಲಾಕೋಮ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡವರು. ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದವರು. ತಮಗೆ ಬೇಕಾದ ಸಾಧನವನ್ನು ತಾವೇ ಕಟ್ಟಿಕೊಂಡವರಲ್ಲಿ ಅವರು ಅಗ್ರಗಣ್ಯರು.

ಹೆಸರುಗಳ ಮರ

ಅಕ್ಷರದ ತೆರೆ ಹೋಗಿ ಚಿತ್ರದ ತೆರೆ ಬಂದಾಗ ಕಣ್ಣುಳ್ಳವರಿಗೆ ಅನುಕೂಲವಾಯಿತು. ಕಣ್ಣಿಲ್ಲದವರಿಗೆ ಬಾಗಿಲು ಮುಚ್ಚಿತು. ಅದನ್ನು ಮತ್ತೆ ತೆರೆದ ಉಪಾಯವು ಬಹು ಸರಳವಾದುದು. ಪ್ರತಿಯೊಂದು ತಂತ್ರಾಂಶವೂ ತೆರೆಯ ಮೇಲೆ ಚಿತ್ರವನ್ನು ಬರೆಯುವುದರ ಜೊತೆಗೆ, ಆ ಚಿತ್ರದಲ್ಲಿ ಏನೇನಿದೆಯೆಂಬುದನ್ನು ಮಾತಿನಲ್ಲಿಯೂ ಹೇಳಿಕೊಳ್ಳಬೇಕು. ಇಲ್ಲೊಂದು ಕಿಟಕಿಯಿದೆ, ಅದರ ಹೆಸರು ಇಂಥದು. ಅದರೊಳಗೆ ಮೂರು ಗುಂಡಿಗಳಿವೆ. ಮೊದಲನೆಯದರ ಹೆಸರು ‘ಉಳಿಸು’. ಅದನ್ನು ಈಗ ಒತ್ತಬಹುದು. ಹೀಗೆ ಪ್ರತಿಯೊಂದು ವಸ್ತುವಿಗೂ ಮೂರು ಸಂಗತಿಗಳು ಗೊತ್ತಾಗುವುವು: ಹೆಸರು, ಕೆಲಸ, ಸ್ಥಿತಿ. ಕಿಟಕಿಯು ಬೊಡ್ಡೆ, ಅದರ ಭಾಗಗಳು ಕೊಂಬೆ, ಗುಂಡಿಗಳೂ ಸಾಲುಗಳೂ ಎಲೆ ಎಂದುಕೊಂಡರೆ ಇದೊಂದು ಮರವಾಯಿತು. ಲಿನಕ್ಸಿನಲ್ಲಿ ಈ ಮರವನ್ನು ನೋಡಿಕೊಳ್ಳುವ ಏರ್ಪಾಡಿನ ಹೆಸರು ‘ಎ.ಟಿ.-ಎಸ್.ಪಿ.ಐ.’.

ತೆರೆ ಓದುಗನು ನೋಡುವುದು ಈ ಮರವನ್ನೇ ಹೊರತು ಚಿತ್ರವನ್ನಲ್ಲ. ನಮ್ಮ ವಿದ್ಯಾರ್ಥಿನಿಯು ಕೀಲಿಯೊಂದನ್ನು ಒತ್ತಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿದಳೆನ್ನಿ. ಆ ತಂತ್ರಾಂಶವು ಕೂಡಲೆ ‘ಗಮನವು ಇಲ್ಲಿಗೆ ಬಂದಿತು’ ಎಂಬ ಸುದ್ದಿಯನ್ನು ಕಳುಹಿಸುವುದು. ತೆರೆ ಓದುಗನು ಆ ವಸ್ತುವಿನ ಹೆಸರು, ಕೆಲಸ, ಸ್ಥಿತಿಗಳನ್ನು ಕೇಳಿ ತಿಳಿದು, ‘ಉಳಿಸು, ಗುಂಡಿ’ ಎಂಬ ಮಾತನ್ನು ಸಿದ್ಧಪಡಿಸುವನು. ಆ ಮಾತು ‘ಸ್ಪೀಚ್ ಡಿಸ್ಪ್ಯಾಚರ್’ ಎಂಬ ಮಧ್ಯವರ್ತಿಗೆ ಹೋಗಿ, ಅಲ್ಲಿಂದ ಧ್ವನಿಯನ್ನು ಹುಟ್ಟಿಸುವ ತಂತ್ರಾಂಶಕ್ಕೆ ತಲಪಿ, ಕಡೆಗೆ ಕಿವಿಯನ್ನು ಮುಟ್ಟುವುದು. ಇಷ್ಟೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯಬೇಕು. ತಡವಾದರೆ ಕೈ ಮುಂದೆ, ಮಾತು ಹಿಂದೆ ಎಂದಾಗುವುದು.

ಲೇಖನದ ಶೀರ್ಷಿಕೆಗಳಿಗೂ ಈ ಮಾತು ಸಲ್ಲುವುದು. ಕಣ್ಣುಳ್ಳವರು ದಪ್ಪಕ್ಷರದ ಸಾಲುಗಳ ಮೇಲೆ ದೃಷ್ಟಿ ಹಾಯಿಸಿ ಬೇಕಾದ ಭಾಗಕ್ಕೆ ಹೋಗುವರು. ತೆರೆ ಓದುಗನನ್ನು ಬಳಸುವವರು ಜಾಲಪುಟದಲ್ಲಿ ‘ಎಚ್’ ಕೀಲಿಯನ್ನೊತ್ತಿ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ನೆಗೆಯುವರು. ಆದರೆ ಬರೆದವರು ಆ ಸಾಲನ್ನು ಬರಿದೆ ದಪ್ಪಗೆ ಮಾಡಿ, ‘ಇದು ಶೀರ್ಷಿಕೆ’ ಎಂದು ಗುರುತಿಸದೆ ಬಿಟ್ಟಿದ್ದರೆ ನೆಗೆಯಲು ಮೆಟ್ಟಲೇ ಇರದು. ಆಗ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಎಲ್ಲವನ್ನೂ ಕೇಳಬೇಕಾಗುವುದು.

ಓರ್ಕದ ಕಥೆ

ಲಿನಕ್ಸಿನ ಚಿತ್ರದ ತೆರೆಯನ್ನು ಓದುವ ಪ್ರಮುಖ ತಂತ್ರಾಂಶದ ಹೆಸರು ‘ಓರ್ಕ’. ಓರ್ಕವೆಂಬುದು ಡಾಲ್ಫಿನ್ ಕುಟುಂಬಕ್ಕೆ ಸೇರಿದ ದೊಡ್ಡ ಕಡಲಪ್ರಾಣಿ. ಬೆಳಕು ತಲಪದ ನೀರಿನಲ್ಲಿ ತಾನು ಮಾಡಿದ ಶಬ್ದದ ಮಾರ್ದನಿಯನ್ನು ಕೇಳಿಯೇ ಅದು ದಾರಿಯನ್ನೂ ಬೇಟೆಯನ್ನೂ ಕಂಡುಕೊಳ್ಳುವುದು. ಶಬ್ದವನ್ನೇ ನೆಚ್ಚಿದ ತಂತ್ರಾಂಶಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ದೊರೆಯಲಾರದು.

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಮಾರ್ಕ್ ಮಲ್ಕಾಹಿ ಎಂಬ ಅಂಧ ತಂತ್ರಜ್ಞರು ಇದರ ಮೊದಲ ರೂಪವನ್ನು ಬರೆದರು. ವಿಲ್ಲಿ ವಾಕರ್ ಅವರ ನೇತೃತ್ವದಲ್ಲಿ ಅದು ಬೆಳೆಯಿತು. 2006ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಗ್ನೋಮ್’ ಮೇಜುತೆರೆಯ 2.16ನೆಯ ಆವೃತ್ತಿಯಲ್ಲಿ ಓರ್ಕವು ಅದರ ಅಂಗವಾಗಿಯೇ ಸೇರಿತು. 2010ರಲ್ಲಿ ಸನ್ ಕಂಪೆನಿಯು ಒರೇಕಲ್ ಕಂಪೆನಿಯ ಕೈಸೇರಿದ ಮೇಲೆ ಈ ಕೆಲಸಕ್ಕೆ ಅಲ್ಲಿ ಆಶ್ರಯ ತಪ್ಪಿತು. ಒಂದು ಸಂಸ್ಥೆಯ ಸ್ವಂತ ಸೊತ್ತಾಗಿದ್ದರೆ ಓರ್ಕದ ಕಥೆಯು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರ ಬರಹವು ಎಲ್ಲರಿಗೂ ತೆರೆದಿಟ್ಟುದಾದ್ದರಿಂದ ಕೆಲಸವು ನಿಲ್ಲಲಿಲ್ಲ. ಜೋನ್‌ಮೇರಿ ಡಿಗ್ಸ್ ಎಂಬ ಮಹಿಳೆಯು ಅದರ ಹೊಣೆಯನ್ನು ಹೊತ್ತು ವರ್ಷಗಟ್ಟಲೆ ಮುನ್ನಡೆಸಿದರು. ಸ್ವತಂತ್ರ ತಂತ್ರಾಂಶವೆಂಬುದು ಕೇವಲ ಬೆಲೆಯಿಲ್ಲದ ತಂತ್ರಾಂಶವಲ್ಲ. ಒಡೆಯನು ಕೈಬಿಟ್ಟರೂ ಬಳಸುವವರು ಉಳಿಸಿಕೊಳ್ಳಬಹುದಾದ ತಂತ್ರಾಂಶವೆಂಬುದಕ್ಕೆ ಇದೊಂದು ನಿದರ್ಶನ.

ವಿಂಡೋಸ್ ವ್ಯವಸ್ಥೆಯಲ್ಲಿ ಹಣ ತೆತ್ತು ಕೊಳ್ಳಬೇಕಾದ ಓದುಗಗಳಿದ್ದು, ಅವುಗಳ ಬೆಲೆಯು ಸಾಮಾನ್ಯ ಕುಟುಂಬಕ್ಕೆ ಎಟುಕದು. ಆಸ್ಟ್ರೇಲಿಯದಲ್ಲಿ 2006ರಲ್ಲಿ ಮೊದಲಾದ ‘ಎನ್.ವಿ.ಡಿ.ಎ.’ ಎಂಬ ಉಚಿತ ಓದುಗವೂ ಅಲ್ಲಿ ಹೆಸರುವಾಸಿಯಾಗಿದೆ. ಲಿನಕ್ಸಿನ ವಿಶೇಷವೇನೆಂದರೆ ಓದುಗ ಮಾತ್ರವಲ್ಲ, ಅದರ ಕೆಳಗಿನ ವ್ಯವಸ್ಥೆಯೆಲ್ಲವೂ ತೆರೆದುದು. ‘ಡೆಬಿಯನ್’ ಎಂಬ ಲಿನಕ್ಸ್ ಪ್ರಭೇದವನ್ನು ಹೊಸ ಯಂತ್ರದಲ್ಲಿ ಅಳವಡಿಸುವಾಗಲೇ ‘ಎಸ್’ ಕೀಲಿಯನ್ನೂ ‘ಎಂಟರ್’ ಕೀಲಿಯನ್ನೂ ಒತ್ತಿದರೆ ಮಾತು ಮೊದಲಾಗುವುದು. ಈ ಅನುಕೂಲವು 2013ರ 7ನೆಯ ಆವೃತ್ತಿಯಿಂದ ಬಂದಿದೆ. ಅಂಧನಾದವನು ಯಾರ ನೆರವೂ ಇಲ್ಲದೆ ತನ್ನ ಯಂತ್ರವನ್ನು ತಾನೇ ಸಿದ್ಧಪಡಿಸಿಕೊಳ್ಳಬಲ್ಲನೆಂದಾಯಿತು. ನೆರೆಯ ಕೇರಳದಲ್ಲಿ ‘ಆ್ಯಕ್ಸೆಸಿಬಲ್ ಕೋಕೊನಟ್’ ಎಂಬ ಹೆಸರಿನಿಂದ ದೃಷ್ಟಿಹೀನರಿಗೆಂದೇ ಹೊಂದಿಸಿದ ಲಿನಕ್ಸ್ ಪ್ರಭೇದವೊಂದು ಸಿದ್ಧವಾಗಿದೆ.

ಅಕ್ಷರದಿಂದ ಧ್ವನಿಗೆ

ಈಗ ನಮ್ಮ ಹೆಸರಿಗೆ ಬರೋಣ. ‘ಐವಾನ್-ಎ-ಶಾಹಿ’ ಎಂಬುದು ಯಂತ್ರದೊಳಗೆ ಅಂಕೆಗಳ ಸಾಲಾಗಿ ಕುಳಿತಿರುವುದು. ಲೋಕದ ಲಿಪಿಗಳಿಗೆಲ್ಲ ಅಂಕೆಗಳನ್ನು ಹಂಚಿಕೊಟ್ಟ ‘ಯುನಿಕೋಡ್’ ಎಂಬ ಒಪ್ಪಂದದಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಐ ಎಂಬುದು 3216, ವ ಎಂಬುದು 3253, ಅದರ ದೀರ್ಘದ ಗುರುತು 3262, ನ ಎಂಬುದು 3240, ಅದನ್ನು ಅರ್ಧಾಕ್ಷರವಾಗಿಸುವ ಗುರುತು 3277. ಹೀಗೆ ಎಣಿಸುತ್ತ ಹೋದರೆ ಎರಡು ಅಡ್ಡಗೆರೆಗಳೂ ಸೇರಿ ಒಟ್ಟು 12 ಸಂಕೇತಗಳಾಗುವುವು.

ಈ ಸಂಕೇತಗಳನ್ನು ಧ್ವನಿಯಾಗಿಸುವ ತಂತ್ರಾಂಶಗಳಲ್ಲಿ ಲಿನಕ್ಸಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ‘ಈಸ್ಪೀಕ್’. ಇಂಗ್ಲೆಂಡಿನ ಜೊನಾಥನ್ ಡಡಿಂಗ್ಟನ್ ಎಂಬುವರು 1995ರಲ್ಲಿ ಇದರ ಮೂಲರೂಪವನ್ನು ಬರೆದು, 2006ರಲ್ಲಿ ಲಿನಕ್ಸಿಗಾಗಿ ಹೊರತಂದರು. 2015ರಿಂದೀಚೆಗೆ ‘ಈಸ್ಪೀಕ್ ಎನ್.ಜಿ.’ ಎಂಬ ಹೆಸರಿನಲ್ಲಿ ಅದರ ಮುಂದಿನ ಕೆಲಸ ನಡೆಯುತ್ತಿದೆ. ನೂರಕ್ಕೂ ಹೆಚ್ಚು ಭಾಷೆಗಳನ್ನು ಅದು ನುಡಿಯಬಲ್ಲುದು. ಅವುಗಳಲ್ಲಿ ಕನ್ನಡವೂ ಒಂದು.

ಇದರ ಕೆಲಸವು ಎರಡು ಹಂತಗಳಲ್ಲಿ ನಡೆಯುವುದು. ಮೊದಲನೆಯದು ಉಚ್ಚಾರದ ನಿಯಮ. ಯಾವ ಸಂಕೇತಕ್ಕೆ ಯಾವ ಧ್ವನಿಯೆಂಬುದನ್ನು ಪ್ರತಿ ಭಾಷೆಗೂ ಒಂದು ನಿಯಮಗಳ ಕಡತ, ಒಂದು ಪದಪಟ್ಟಿಯ ಕಡತ ತಿಳಿಸುವುವು. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆ ಕಡಮೆಯಾದುದರಿಂದ ನಿಯಮಗಳು ಬಹಳ. ಕನ್ನಡದಲ್ಲಿ ಬರೆದಂತೆ ಓದುವ ವಾಡಿಕೆಯಿರುವುದರಿಂದ ಈ ಹೊರೆ ಹಗುರ. ಆದರೂ ನೆರೆಯ ಭಾಷೆಯ ನಿಯಮವನ್ನು ತಂದು ಹೊಂದಿಸಿದರೆ ಕೆಲಸ ಕೆಡುವುದು. ಹಿಂದಿಯಲ್ಲಿ ಪದದ ಕೊನೆಯ ಅಕಾರವನ್ನೂ ಕೆಲವೆಡೆ ನಡುವಣ ಅಕಾರವನ್ನೂ ನುಂಗುವರು. ಆ ನಿಯಮದಿಂದ ಓದಿದರೆ ಕಲಬುರಗಿಯ ನೆರೆಯ ಕಮಲಾಪುರವು ‘ಕಮ್ಲಾಪುರ್’ ಆಗಿಬಿಡುವುದು! ಕನ್ನಡದ ಕಿವಿಗೆ ಒಪ್ಪುವ ಧ್ವನಿ ಬೇಕಾದರೆ ಕನ್ನಡದ ನಿಯಮವನ್ನು ಕನ್ನಡ ಬಲ್ಲವರೇ ಬರೆಯಬೇಕು.

ಎರಡನೆಯ ಹಂತವು ಧ್ವನಿಯ ನಿರ್ಮಾಣ. ನಾವು ‘ಆ’ ಎನ್ನುವಾಗ ಗಂಟಲಿನ ತಂತುಗಳು ಕಂಪಿಸಿ ನಾದವನ್ನು ಹುಟ್ಟಿಸುವುವು. ಬಾಯಿಯ ಪೊಳ್ಳು ಆ ನಾದದ ಕೆಲವು ಕಂಪನಗಳನ್ನು ಎತ್ತಿಹಿಡಿದು ಉಳಿದುವನ್ನು ತಗ್ಗಿಸುವುದು. ಗಂಡಸಿನ ದನಿಯ ‘ಆ’ಕಾರದಲ್ಲಿ ಸೆಕೆಂಡಿಗೆ ಸುಮಾರು 700 ಮತ್ತು 1100 ಕಂಪನಗಳ ಸುತ್ತ ಬಲ ಹೆಚ್ಚು, ‘ಈ’ಕಾರದಲ್ಲಿ ಸುಮಾರು 300 ಮತ್ತು 2200ರ ಸುತ್ತ. ಕೊಳಲಿನ ರಂಧ್ರಗಳನ್ನು ಮುಚ್ಚಿ ತೆರೆದು ಸ್ವರ ಬದಲಿಸುವಂತೆ ನಾಲಗೆ ತುಟಿಗಳನ್ನು ಹೊರಳಿಸಿ ನಾವು ಈ ಬಲದ ನೆಲೆಗಳನ್ನು ಬದಲಿಸುವೆವು. ಈಸ್ಪೀಕ್ ತಂತ್ರಾಂಶವು ಈ ನೆಲೆಗಳನ್ನು ಲೆಕ್ಕದಿಂದಲೇ ಕಟ್ಟಿ ಸ್ವರಗಳನ್ನು ಹುಟ್ಟಿಸುವುದು. ‘ಶಾಹಿ’ಯ ಶಕಾರದಂಥ, ತಂತು ಕಂಪಿಸದ ಬರಿಯ ಉಸಿರಿನ ಧ್ವನಿಗಳಿಗೆ ಮಾತ್ರ ಮುದ್ರಿಸಿಟ್ಟ ಸದ್ದಿನ ತುಣುಕುಗಳನ್ನು ಬಳಸುವುದು.

ಹೀಗೆ ಹುಟ್ಟಿದ ದನಿಯಲ್ಲಿ ಮನುಷ್ಯನ ಮಾಧುರ್ಯವಿಲ್ಲ. ಲೋಹದ ಕೊಡದೊಳಗಿಂದ ಮಾತನಾಡಿದಂತೆ ಕೇಳುವುದು. ಆದರೂ ಬಳಸಿ ಪಳಗಿದವರು ಇದನ್ನೇ ಬಯಸುವುದುಂಟು. ಏಕೆಂದರೆ ಇದು ತುಂಬ ಹಗುರ, ಕೀಲಿ ಒತ್ತಿದೊಡನೆ ನುಡಿಯುವುದು, ವೇಗವನ್ನು ಹೆಚ್ಚಿಸಿದರೂ ಮಾತು ಕಲಸಿಹೋಗದು. ಇದರ ಸಹಜ ವೇಗವು ನಿಮಿಷಕ್ಕೆ 175 ಪದ. ಅನುಭವಸ್ಥರು 300ಕ್ಕೂ ಹೆಚ್ಚಿನ ವೇಗದಲ್ಲಿ ಕೇಳುವರು. ಹೊಸಬರಿಗೆ ಅದು ಬರಿಯ ಗುಂಯ್ಗುಡುವ ಸದ್ದು. ಮನುಷ್ಯರ ಧ್ವನಿಯನ್ನು ಮುದ್ರಿಸಿ, ಅದರ ಆಧಾರದ ಮೇಲೆ ಇಂಪಾದ ದನಿಗಳನ್ನು ಕಟ್ಟುವ ಕೆಲಸವೂ ನಡೆದಿದೆ. ಮದರಾಸಿನ ಐ.ಐ.ಟಿ.ಯ ಮುಂದಾಳುತನದಲ್ಲಿ ಹಲವು ಸಂಸ್ಥೆಗಳು ಕೂಡಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಇಂಥ ದನಿಗಳನ್ನು ಸಿದ್ಧಪಡಿಸಿ ಓರ್ಕಕ್ಕೂ ಹೊಂದಿಸಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯೂ ಕನ್ನಡದ ವಾಚಕ ದನಿಯನ್ನು ರೂಪಿಸಿದೆ.

ಇನ್ನು ಆ ಎರಡು ಅಡ್ಡಗೆರೆಗಳು. ಎಲ್ಲ ಚಿಹ್ನೆಗಳನ್ನೂ ಹೇಳೆಂದು ಓರ್ಕಕ್ಕೆ ಆಜ್ಞೆಯಿದ್ದರೆ ಅವುಗಳ ಹೆಸರೂ ನಡುನಡುವೆ ಬರುವುದು. ಬೇಡವೆಂದರೆ ಹೆಸರು ಸರಾಗವಾಗಿ ಹರಿಯುವುದು. ಕತೆಯನ್ನು ಓದುವಾಗ ಚಿಹ್ನೆಗಳು ಬೇಡ. ಗಣಿತದ ಲೆಕ್ಕವನ್ನೊ ಗಣಕದ ಆಜ್ಞೆಗಳನ್ನೊ ತಿದ್ದುವಾಗ ಒಂದು ಚುಕ್ಕೆ ತಪ್ಪಿದರೂ ಕೆಲಸ ಕೆಟ್ಟಿತು. ಆದುದರಿಂದಲೇ ಏನೂ ಬೇಡ, ಕೆಲವು, ಹೆಚ್ಚಿನವು, ಎಲ್ಲವೂ ಎಂಬ ನಾಲ್ಕು ಮಟ್ಟಗಳನ್ನು ಓದುವವರ ಆಯ್ಕೆಗೆ ಬಿಡಲಾಗಿದೆ.

ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ

ಇಷ್ಟೆಲ್ಲ ಸರಿಯಿದ್ದರೂ ಓದು ಸಾಗದಿರಬಹುದು. ಯುನಿಕೋಡ್ ಬಳಕೆಗೆ ಬರುವ ಮುನ್ನ ನಮ್ಮ ನಾಡಿನಲ್ಲಿ ಕನ್ನಡವನ್ನು ತೆರೆಯ ಮೇಲೆ ತರಲು ಬೇರೊಂದು ಜಾಣತನವನ್ನು ಮಾಡಿದ್ದರು. ಇಂಗ್ಲಿಷ್ ಮತ್ತು ಯೂರೋಪಿನ ಇತರ ಅಕ್ಷರಗಳ ಸಂಕೇತವನ್ನೇ ಉಳಿಸಿಕೊಂಡು, ಅವುಗಳ ಆಕಾರವನ್ನು ಮಾತ್ರ ಕನ್ನಡದ ತುಂಡುಗಳಿಗೆ ಬದಲಾಯಿಸಿದರು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂದು ಬರೆದರೆ ಯಂತ್ರದೊಳಗೆ ಇರುವುದೇನು? ಕಕಾರದ ಒಡಲಿಗೆ ಇಂಗ್ಲಿಷಿನ ‘ಪಿ’. ಅದರ ತಲೆಕಟ್ಟಿಗೆ ಮೇಲೆ ಗೀಟುಳ್ಳ ‘ಎ’. ನಕಾರದ ಒಡಲಿಗೆ ಪೌಂಡ್ ನಾಣ್ಯದ ಚಿಹ್ನೆ. ತಲೆಕಟ್ಟಿಗೆ ಮತ್ತೆ ಆ ‘ಎ’. ನಕಾರದ ಒತ್ತಿಗೆ ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ. ಡಕಾರದ ಒಡಲಿಗೆ ‘ಕ್ಯೂ’. ಕೊನೆಗೆ ಇನ್ನೊಂದು ತಲೆಕಟ್ಟು! ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ತೆರೆ ಓದುಗನಿಗೆ ತಲೆಬುಡವಿಲ್ಲದ ಸಂತೆ.

ಕಾಗದದ ಮೇಲೆ ಅಚ್ಚಾದ ಮೇಲೆ ಈ ವ್ಯತ್ಯಾಸವು ಯಾರಿಗೂ ತಿಳಿಯದು. ಆದುದರಿಂದಲೇ ಆ ಶೈಲಿಯಲ್ಲಿ ಅಸಂಖ್ಯಾತ ಕಡತಗಳೂ ಪುಸ್ತಕಗಳೂ ಸಿದ್ಧವಾದುವು. ಅಂಧ ವಿದ್ಯಾರ್ಥಿಗೆ ಅವು ಬೀಗ ಹಾಕಿದ ಪೆಟ್ಟಿಗೆಗಳು. ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಆ ಬೀಗಕ್ಕೆ ಕೀಲಿಕೈಗಳು. ಬದಲಿಸುವಾಗ ಕ್ರಮವನ್ನೂ ನೋಡಿಕೊಳ್ಳಬೇಕು. ‘ಕರ್ನಾಟಕ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅರ್ಕಾವತ್ತನ್ನು ‘ನಾ’ ಆದ ಮೇಲೆ ಬರೆಯುವೆವು. ಹಳೆಯ ಶೈಲಿಯು ಬರೆಯುವ ಕ್ರಮವನ್ನು ಹಿಡಿಯಿತು. ಯುನಿಕೋಡ್ ಉಚ್ಚರಿಸುವ ಕ್ರಮವನ್ನು ಹಿಡಿದಿದೆ. ಕಿವಿಯಿಂದ ಓದುವವರಿಗೆ ಈ ಎರಡನೆಯದೇ ಬೇಕಾದುದು.

ಪುಟಗಳ ಛಾಯಾಚಿತ್ರವನ್ನಷ್ಟೇ ತೆಗೆದು ಕಡತ ಮಾಡಿದರೆ ತೊಡಕು ಇನ್ನೂ ಹೆಚ್ಚು. ಅದರಲ್ಲಿ ಸಂಕೇತವೇ ಇಲ್ಲ, ಚುಕ್ಕೆಗಳು ಮಾತ್ರ. ಆಗ ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶದ ಮೊರೆಹೋಗಬೇಕು. ಮೇಲೆ ಹೇಳಿದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಎಚ್. ಆರ್. ಶಿವಕುಮಾರ್ ಮತ್ತು ರಾಮಕೃಷ್ಣನ್ ಅವರು ಕನ್ನಡಕ್ಕಾಗಿ ‘ಲಿಪಿ ಜ್ಞಾನಿ’ ಎಂಬ ಇಂಥ ತಂತ್ರಾಂಶವನ್ನು ಕಟ್ಟಿದ್ದಾರೆ. 1970ರಿಂದ 2002ರವರೆಗೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳಿಂದ ಅದನ್ನು ಪಳಗಿಸಿದರು. ಹಳಗನ್ನಡದ ಪುಟಗಳೂ ಅವುಗಳಲ್ಲಿದ್ದುವು. ಲಿನಕ್ಸಿನಲ್ಲಿ ‘ಟೆಸರಾಕ್ಟ್’ ಎಂಬ ತೆರೆದ ತಂತ್ರಾಂಶವೂ ಕನ್ನಡವನ್ನು ಗುರುತಿಸುವುದು.

ಬೆರಳ ತುದಿಯ ಬರಹ

ಓದಿನಷ್ಟೇ ಬರವಣಿಗೆಯೂ ಮುಖ್ಯ. ಕೀಲಿಮಣೆಯಲ್ಲಿ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇರುವುದನ್ನು ನೀವು ಗಮನಿಸಿರಬಹುದು. ಕಣ್ಣು ಹಾಯಿಸದೆ ಎರಡೂ ಕೈಗಳ ತೋರುಬೆರಳನ್ನು ನೆಲೆಗೊಳಿಸಲು ಅವು ನೆರವಾಗುವುವು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿವಿನ್ಯಾಸದಲ್ಲಿ, ವ್ಯಂಜನವನ್ನು ಅರ್ಧಾಕ್ಷರವಾಗಿಸಿ ಒತ್ತಕ್ಷರಕ್ಕೆ ದಾರಿಮಾಡುವ ಗುರುತು ಆ ‘ಎಫ್’ ಕೀಲಿಯಲ್ಲಿಯೇ ಇದೆ. ಕನ್ನಡದಲ್ಲಿ ಪದೇಪದೇ ಬೇಕಾಗುವ ಗುರುತು ಉಬ್ಬುಗೆರೆಯುಳ್ಳ ಕೀಲಿಯಲ್ಲಿಯೇ ಸಿಕ್ಕುವುದು ಎಷ್ಟು ಅನುಕೂಲ! ಈ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುವುದು. ಒಂದೊಂದು ಅಕ್ಷರವನ್ನು ಒತ್ತಿದಂತೆ ಓರ್ಕವು ಅದನ್ನು ನುಡಿದು ತೋರಿಸುವುದರಿಂದ ತಪ್ಪನ್ನು ಅಲ್ಲಲ್ಲಿಯೇ ತಿದ್ದಬಹುದು.

ಪರೀಕ್ಷೆಯ ದಿನ ಇದರ ಬೆಲೆ ತಿಳಿಯುವುದು. ಅಂಧ ವಿದ್ಯಾರ್ಥಿಗಳು ಉತ್ತರವನ್ನು ಹೇಳಿ ಲಿಪಿಕಾರನಿಂದ ಬರೆಸುವುದು ಹಿಂದಿನಿಂದ ಬಂದ ಪದ್ಧತಿ. ಲಿಪಿಕಾರನ ಕಾಗುಣಿತ ತಪ್ಪಿದರೆ ಅಂಕ ಹೋಗುವುದು ವಿದ್ಯಾರ್ಥಿಯದು. ಕೇಂದ್ರ ಸರ್ಕಾರವು 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬ್ರೈಲ್, ದೊಡ್ಡ ಅಕ್ಷರಗಳ ಜೊತೆಗೆ ಗಣಕಯಂತ್ರವನ್ನೂ ಆರಿಸಿಕೊಳ್ಳುವ ಅವಕಾಶವಿರಬೇಕೆಂದಿತು; ಪರೀಕ್ಷೆಗೆ ಒಂದು ದಿನ ಮೊದಲು ಯಂತ್ರವನ್ನು ಪರಿಶೀಲಿಸಿ ನೋಡಲು ಬಿಡಬೇಕೆಂದೂ ಸೂಚಿಸಿತು. ಆ ದಿನ ಯಂತ್ರವು ಕನ್ನಡವನ್ನು ನುಡಿಯದೆ ಹೋದರೆ ಅವಕಾಶವು ಕಾಗದದ ಮೇಲೆಯೇ ಉಳಿಯುವುದು.

ಇನ್ನೂ ಉಳಿದಿರುವ ಕೊರತೆಗಳು

ಎಲ್ಲವೂ ಸರಿಹೋಗಿದೆಯೆಂದು ಯಾರೂ ಭಾವಿಸಬಾರದು. ತಂತ್ರಾಂಶವನ್ನು ಬರೆದವರು ಗುಂಡಿಗೆ ಚಿತ್ರವನ್ನಷ್ಟೇ ಅಂಟಿಸಿ ಹೆಸರಿಡದೆ ಬಿಟ್ಟರೆ ಓರ್ಕವು ‘ಗುಂಡಿ’ ಎಂದಷ್ಟೇ ಹೇಳೀತು. ಅಂಥ ಹತ್ತು ಗುಂಡಿಗಳು ಸಾಲಾಗಿ ಬಂದರೆ, ಊರಿನ ಹೆಸರೇ ಬರೆಯದ ಬಸ್ಸುಗಳು ಸಾಲಾಗಿ ನಿಂತ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನ ಪಾಡು. ಆಜ್ಞೆಗಳ ಹೆಸರುಗಳು ಕನ್ನಡಕ್ಕೆ ಬಾರದೆ ಉಳಿದಿದ್ದರೆ ಓದು ಅಲ್ಲಲ್ಲಿ ಇಂಗ್ಲಿಷಿಗೆ ಹೊರಳುವುದು. ಕನ್ನಡ, ಉರ್ದು, ಹಿಂದಿ, ಇಂಗ್ಲಿಷ್ ನಾಲ್ಕೂ ಬೆರೆತಿರುವ ಕಲಬುರಗಿಯಂಥ ಊರಿನಲ್ಲಿ, ಪುಟದ ಯಾವ ಭಾಗವು ಯಾವ ಭಾಷೆಯದೆಂದು ಸಾರುವ ಸಣ್ಣ ಗುರುತನ್ನು ಬರೆದವರು ಹಾಕಿದ್ದರೆ ದನಿಯು ತಕ್ಕಂತೆ ಬದಲಾಗುವುದು. ಇಲ್ಲವಾದರೆ ಒಂದು ಭಾಷೆಯ ಬಾಯಿಯಿಂದ ಇನ್ನೊಂದು ಭಾಷೆ ಹೊರಡುವುದು.

ಸುಧಾರಣೆಯೇ ತೊಡಕಾದ ಪ್ರಸಂಗವೂ ಉಂಟು. ಲಿನಕ್ಸಿನ ಹಳೆಯ ಚಿತ್ರವ್ಯವಸ್ಥೆಯಲ್ಲಿ ಯಾವುದೇ ತಂತ್ರಾಂಶವು ಬೇರೆ ಕಿಟಕಿಗಳಲ್ಲಿ ಒತ್ತಿದ ಕೀಲಿಗಳನ್ನೂ ಕದ್ದು ಕೇಳಬಹುದಾಗಿತ್ತು. ಗುಪ್ತಪದಗಳ ಕಳ್ಳರಿಗೆ ಇದು ಅನುಕೂಲವೆಂದು ‘ವೇಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯು ಆ ದಾರಿಯನ್ನು ಮುಚ್ಚಿತು. ಆದರೆ ಯಾವ ಕಿಟಕಿಯಲ್ಲಿದ್ದರೂ ಕೀಲಿಗಳನ್ನು ಕೇಳಬೇಕಾದುದು ತೆರೆ ಓದುಗನ ಧರ್ಮವಷ್ಟೆ! ಕಳ್ಳನಿಗೆ ಕಟ್ಟಿದ ಗೋಡೆ ಮನೆಯವನಿಗೂ ಅಡ್ಡವಾಯಿತು. 2025ರ ಮಾರ್ಚ್ ತಿಂಗಳಲ್ಲಿ ಬಂದ ಗ್ನೋಮ್ 48ನೆಯ ಆವೃತ್ತಿಯಲ್ಲಿ ಓರ್ಕದ ಕೀಲಿಗಳಿಗೆಂದೇ ಹೊಸ ಬಾಗಿಲನ್ನು ಇರಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದರು.

ವಿದ್ಯಾರ್ಥಿಗಳ ಪಾಲಿನ ಕೆಲಸ

ಮೇಲಿನ ವಿವರಗಳಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ತೆರೆ ಓದುಗನಿಗೆ ಸ್ವಂತ ಕಣ್ಣಿಲ್ಲ. ಇತರರು ಬರೆದಿಟ್ಟ ಹೆಸರು, ಸಂಕೇತ, ಗುರುತುಗಳೇ ಅವನ ಕಣ್ಣು. ಅಂಧರ ಓದು ಸಾಗುವುದೂ ನಿಲ್ಲುವುದೂ ಅವರ ಶಕ್ತಿಗಿಂತ ಹೆಚ್ಚಾಗಿ ಕಣ್ಣುಳ್ಳವರು ತೋರುವ ಎಚ್ಚರವನ್ನು ಅವಲಂಬಿಸಿದೆ. ಈ ಎಚ್ಚರಕ್ಕೆ ಹಣ ಬೇಡ, ವಿಶೇಷ ವಿದ್ಯೆಯೂ ಬೇಡ.

ವಾಚಕರಲ್ಲಿ ಬಹುಮಂದಿ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರು. ನಿಮ್ಮ ಟಿಪ್ಪಣಿಗಳನ್ನು ಯುನಿಕೋಡಿನಲ್ಲಿ ಬರೆಯಿರಿ. ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸಿ. ಚಿತ್ರವನ್ನು ಸೇರಿಸಿದರೆ ಅದರಲ್ಲೇನಿದೆಯೆಂದು ಒಂದು ಸಾಲು ಬರೆಯಿರಿ. ಲಿನಕ್ಸಿನ ಗ್ನೋಮ್ ತೆರೆಯಲ್ಲಿ ‘ಆಲ್ಟ್’, ‘ಸೂಪರ್’, ‘ಎಸ್’ ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದರೆ ಓರ್ಕವು ಮಾತನಾಡತೊಡಗುವುದು. ತೆರೆಯನ್ನು ಆರಿಸಿ, ನೀವೇ ಬರೆದ ಪುಟವನ್ನು ಒಂದು ಸಲ ಕಿವಿಯಿಂದ ಓದಿ ನೋಡಿ. ಎಲ್ಲಿ ತಡವರಿಸುವಿರೋ ಅಲ್ಲಿ ತಿದ್ದಬೇಕಾದುದುಂಟು. ಗಣಕವಿದ್ಯೆಯಲ್ಲಿ ಆಸಕ್ತಿಯುಳ್ಳವರಿಗೆ ಇನ್ನೂ ದೊಡ್ಡ ಕೆಲಸ ಕಾದಿದೆ. ಈಸ್ಪೀಕ್ ತಂತ್ರಾಂಶದ ಕನ್ನಡ ನಿಯಮಗಳೂ ಪದಪಟ್ಟಿಯೂ ಸಾಮಾನ್ಯ ಬರಹದ ಕಡತಗಳೇ. ‘1ನೆಯ’ ಎಂಬುದನ್ನು ‘ಒಂದನೆಯ’ ಎಂದು, ‘ರೂ.’ ಎಂಬುದನ್ನು ‘ರೂಪಾಯಿ’ ಎಂದು ಅದು ಓದುವುದೆ? ನಿಮ್ಮ ಊರಿನ ಹೆಸರನ್ನು ಊರಿನವರಂತೆ ನುಡಿಯುವುದೆ? ಪರೀಕ್ಷಿಸಿ ನೋಡಿ, ತಪ್ಪಿದ್ದರೆ ತಿದ್ದಿ ಕಳುಹಿಸಬಹುದು. ಒಬ್ಬರು ತಿದ್ದಿದ ಒಂದು ನಿಯಮವು, ಮುಂದಿನ ಆವೃತ್ತಿಯಿಂದ, ಕನ್ನಡವನ್ನು ಕಿವಿಯಿಂದ ಓದುವವರೆಲ್ಲರಿಗೂ ಸಲ್ಲುವುದು.